ಮೊದಲು ಬಾಯಿ ತೆರೆದವಳು

ಎಪ್ಪತ್ತೆಂಟನೇ ಇಸವಿಯಲ್ಲಿ, ಶಿವರಾತ್ರಿ ಕಳೆದ ಮೊದಲ ಶನಿವಾರ, ತಾಳ್ಯದ ದ್ಯಾಮಮ್ಮನ ಹಿತ್ತಿಲಿಗೆ ಹನ್ನೊಂದು ಜನ ಹೆಂಗಸರು ರೇಷ್ಮೆ ಸೀರೆ ಉಟ್ಟುಕೊಂಡು ಬಂದರು. ಮನೆಯಲ್ಲಿ ಮದುವೆಯೂ ಇರಲಿಲ್ಲ, ಸೀಮಂತವೂ ಇರಲಿಲ್ಲ. ಅವರೆಲ್ಲ ಬಂದದ್ದು ಜಗಳವಾಡಿ ತೋರಿಸಲು.

ಮುದ್ದೆಗೆ ಎಸರಿಟ್ಟಿದ್ದ ದ್ಯಾಮಮ್ಮ, ಕೋಲನ್ನು ಕೈಯಲ್ಲಿ ಹಿಡಿದುಕೊಂಡೇ ಹಿತ್ತಿಲ ಬಾಗಿಲಿಗೆ ಬಂದು ನಿಂತಳು. ಅವಳ ಮಗ ಶಿವಕುಮಾರಪ್ಪ ನಿಂಬೆಗಿಡದ ನೆರಳಿನಲ್ಲಿ ನಿಂತು, ಬರೆದ ಹಾಳೆಗಳಿಂದ ಗಾಳಿ ಬೀಸಿಕೊಳ್ಳುತ್ತಿದ್ದ. ಅವನು ದುರ್ಗದ ಕಾಲೇಜೊಂದರಲ್ಲಿ ಗುಮಾಸ್ತ. ಅಲ್ಲಿ ನಾಲ್ಕಾರು ಗೆಳೆಯರ ಜೊತೆ ಸೇರಿ ಫಿಲಂ ಸೊಸೈಟಿ ಮಾಡಿಕೊಂಡು, ಎಲ್ಲೆಲ್ಲಿಯದೋ ಸಿನಿಮಾಗಳನ್ನು ತರಿಸಿ ನೋಡಿ ನೋಡಿ, ಕೊನೆಗೆ ತಾನೂ ಒಂದು ಮಾಡಬೇಕೆಂದು ಹೊರಟಿದ್ದ. ಎಂಟು ನಿಮಿಷದ ಸಿನಿಮಾ. ಎರಡೇ ಪಾತ್ರ. ಒಬ್ಬಳು ತನ್ನ ಹಿತ್ತಿಲಲ್ಲಿ ಹೀರೆ ಬೀಜ ಹಾಕುತ್ತಾಳೆ. ಬಳ್ಳಿ ಗೋಡೆ ಹತ್ತಿ ಪಕ್ಕದ ಮನೆಯ ಕಡೆ ಕಾಯಿ ಬಿಡುತ್ತದೆ. ಕಾಯಿ ಯಾರದು ಎಂದು ಇಬ್ಬರೂ ಕಿತ್ತಾಡುತ್ತಾರೆ, ಕೊನೆಗೆ ಒಂದಾಗುತ್ತಾರೆ. ಇಷ್ಟನ್ನು ಬರೆಯಲು ಅವನಿಗೆ ಮೂರು ವರ್ಷ ಹಿಡಿದಿತ್ತು.

"ಜಗಳ ನೋಡೋಕೆ ಯಾರಾದ್ರೂ ಬರ್ತಾರೇನಲೇ? ನಮ್ಮ ಬೀದಿಲಿ ದಿನಾ ಬಿಟ್ಟಿ ಸಿಗ್ತೈತೆ," ಎಂದು ಅಪ್ಪ ಮುರುಗಪ್ಪ ನಗಾಡಿ, ಅಂಗಡಿಗೆ ಹೋಗಿಬಿಟ್ಟಿದ್ದ.

ಕ್ಯಾಮೆರಾ ಬೆಂಗಳೂರಿನ ಗೆಳೆಯನೊಬ್ಬನದು. ಗಡಿಯಾರದ ಹಾಗೆ ಕೀಲಿ ಕೊಟ್ಟು ಓಡಿಸುವಂಥದ್ದು. ಒಂದು ಸಲ ಕೀಲಿ ಕೊಟ್ಟರೆ ಅರ್ಧ ನಿಮಿಷ ಓಡುತ್ತದೆ. ಬುಧವಾರದ ಮೊದಲ ಬಸ್ಸಿಗೆ ಅದು ವಾಪಸು ಹೋಗಲೇಬೇಕು, ಆಮೇಲೆ ಮತ್ತೆ ಸಿಗುವ ಮಾತಿಲ್ಲ. ರೀಲು ನಾಲ್ಕೇ ಡಬ್ಬಿ. ನಟರೇ ಇನ್ನೂ ಸಿಕ್ಕಿರಲಿಲ್ಲ.

ಕ್ಯಾಮೆರಾ ಹಿಡಿಯಲು ಬಂದಿದ್ದ ನಾಗಣ್ಣ ದುರ್ಗದಲ್ಲಿ ಫೋಟೊ ಸ್ಟುಡಿಯೋ ಇಟ್ಟವನು. ಹದಿನೈದು ವರ್ಷದಿಂದ ಮದುಮಕ್ಕಳನ್ನೂ ಕೈಕೂಸುಗಳನ್ನೂ ಕೂರಿಸಿ ಫೋಟೊ ತೆಗೆದು ತೆಗೆದು, ಕ್ಯಾಮೆರಾಕ್ಕೆ ಕಣ್ಣಿಟ್ಟ ಕೂಡಲೇ ಅವನ ಬಾಯಿಂದ ಒಂದೇ ಮಾತು ತಾನಾಗಿ ಹೊರಡುತ್ತಿತ್ತು.

"ಅಲ್ಲಾಡಬ್ಯಾಡ್ರಿ! ಉಸಿರು ಬಿಗಿ ಹಿಡೀರಿ!"

ಹನ್ನೊಂದು ಜನರೂ ಉಸಿರು ಬಿಗಿ ಹಿಡಿದರು. ಮುಖಕ್ಕೆ ಪೌಡರು ಬಳಿದುಕೊಂಡು, ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು, ರೆಪ್ಪೆ ಬಡಿಯದೆ ಕುಳಿತರು. ಕ್ಯಾಮೆರಾ ಅಂದರೆ ಅವರಿಗೆ ಗೊತ್ತಿದ್ದದ್ದೂ ಅಷ್ಟೆ.

"ನಾಗಣ್ಣ, ಅಲ್ಲಾಡ್ಬೇಕು ಮಾರಾಯ! ಇದು ಅಲ್ಲಾಡೋ ಚಿತ್ರ!" ಎಂದ ಶಿವಕುಮಾರಪ್ಪ.

"ತಪ್ಪಾತು ಸಾರ್. ನಾಲಿಗೆಗೆ ರೂಢಿ ಆಗೈತೆ," ಎಂದ ನಾಗಣ್ಣ. ಮುಂದಿನವಳು ಬಂದಾಗ ಮತ್ತೆ ಅದನ್ನೇ ಹೇಳಿದ.

ಬಾಯಿ ಬಿಟ್ಟವರದು ಇನ್ನೊಂದು ಥರ. "ಏನಂತ ಬೈಲಪ್ಪ? ಆಯಮ್ಮ ನನಗೇನೂ ಮಾಡಿಲ್ವಲ್ಲ," ಎಂದಳು ಮಲ್ಲಕ್ಕ. ಇನ್ನೊಬ್ಬಳು ಎದುರಿದ್ದವಳಿಗೆ ಮೊದಲೇ ಕೈ ಮುಗಿದು, "ಏನೂ ಅನ್ಕಬ್ಯಾಡ್ರಿ ಅಕ್ಕಾರೆ," ಎಂದು ಹೇಳಿಕೊಂಡು ಬೈಯಲು ಶುರು ಮಾಡಿದಳು. ಊಟದ ಹೊತ್ತಿಗೆ ಹನ್ನೊಂದು ಜನರೂ ದ್ಯಾಮಮ್ಮನ ಕೈಯ ಕಾಫಿ ಕುಡಿದು, ಹೀರೆ ಬಳ್ಳಿಯ ಮುಂದೆ ಸಾಲಾಗಿ ನಿಂತು ಒಂದು ಫೋಟೊ ತೆಗೆಸಿಕೊಂಡು, ಖುಷಿಯಾಗಿ ಮನೆಗೆ ಹೋದರು.

ಭಾನುವಾರ ದುರ್ಗದಿಂದ ಏಕನಾಥಮ್ಮ ಬಂದಳು. ಇಪ್ಪತ್ತು ವರ್ಷ ನಾಟಕ ಕಂಪನಿಗಳಲ್ಲಿ ದುಡಿದವಳು. ಬಸ್ಸಿಳಿದು ಬಂದವಳೇ ಕಾಲು ತೊಳೆದುಕೊಂಡು ಗೋಡೆಯ ಪಕ್ಕ ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಲಗೈಯನ್ನು ಆಕಾಶಕ್ಕೆ ಎತ್ತಿದಳು.

"ಎಲೈ ನೀಚಳೇ! ಯಾರ ಬಳ್ಳಿಯೆಂದು ಅರಿತು ಕೈ ಹಾಕಿದೆ?"

ಬೇಲಿಯ ಮೇಲಿದ್ದ ಗುಬ್ಬಿಗಳೆಲ್ಲ ಒಟ್ಟಿಗೆ ಹಾರಿದವು. ಬೀದಿಯಲ್ಲಿ ಹೋಗುತ್ತಿದ್ದ ಗಾಡಿ ನಿಂತಿತು. ಏಕನಾಥಮ್ಮ ಎದುರಾಳಿಯ ಕಡೆ ಒಮ್ಮೆಯೂ ನೋಡಲಿಲ್ಲ. ಬೈದದ್ದನ್ನೆಲ್ಲ ನಾಗಣ್ಣನ ಹಿಂದಿನ ಹುಲ್ಲಿನ ಬಣವೆಗೇ ಬೈದಳು. ಅಲ್ಲಿ ಸಾವಿರ ಜನ ಕುಳಿತಿದ್ದಾರೆ ಎನ್ನುವ ಹಾಗಿತ್ತು ಅವಳ ನೋಟ.

ಮುಗಿದ ಮೇಲೆ ಹೇಗೆ ಹೇಳುವುದೆಂದು ಶಿವಕುಮಾರಪ್ಪ ತಡವರಿಸುತ್ತಿದ್ದಾಗ, ಅವಳೇ ನಕ್ಕುಬಿಟ್ಟಳು.

"ಗೊತ್ತಾತು ಬಿಡಪ್ಪ. ನನ್ನ ದನಿ ಕಟ್ಟಕಡೆ ಸಾಲಿಗೆ ಮುಟ್ಟಲಿ ಅಂತ ತಿದ್ದಿದ್ದು. ನಿನ್ನ ಡಬ್ಬಿ ಮೂರು ಮಾರು ದೂರದಾಗೈತೆ." ದ್ಯಾಮಮ್ಮ ಬಡಿಸಿದ ರೊಟ್ಟಿಯನ್ನು ಮುರಿಯುತ್ತ ಮತ್ತೂ ಹೇಳಿದಳು: "ಒಂದು ಮಾತು ಹೇಳ್ತೀನಿ ಕೇಳು. ಜಗಳ ಆಡೋಕೆ ಬರೋರನ್ನ ಹುಡುಕಬ್ಯಾಡ. ಜಗಳ ಇಟ್ಕಂಡಿರೋರನ್ನ ಹುಡುಕು."

ಸಂಜೆಯ ಬಸ್ಸಿಗೆ ಅವಳು ಹೋದಳು. ಶಿವಕುಮಾರಪ್ಪ ಅಡುಗೆಮನೆಯ ಹೊಸ್ತಿಲ ಮೇಲೆ ಬಂದು ಕುಳಿತ. ತಟ್ಟೆ ಮುಂದಿಟ್ಟರೆ ಮುದ್ದೆಯ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತಿದ್ದನೇ ಹೊರತು ಒಂದು ತುತ್ತೂ ಮುರಿಯಲಿಲ್ಲ. ದ್ಯಾಮಮ್ಮ ಒಲೆಯ ಬೆಂಕಿ ತಗ್ಗಿಸಿದಳು. ಇದೇ ಮಗ ಆರು ವರ್ಷದವನಿದ್ದಾಗ, ಊಟಕ್ಕೆ ಕೂಗಿದರೂ ಬಾರದೆ ಕತ್ತಲೆ ಕೋಣೆಯಲ್ಲಿ ಕುಳಿತಿರುತ್ತಿದ್ದ. ಏನು ಮಾಡುತ್ತಾನೆಂದು ಒಂದು ದಿನ ಇಣುಕಿದರೆ, ಬಾಗಿಲಿನ ತೂತಿನಿಂದ ಬಂದ ಬೆಳಕಿನಲ್ಲಿ ಬೀದಿಯ ಜನ ಒಳಗೋಡೆಯ ಮೇಲೆ ತಲೆಕೆಳಗಾಗಿ ನಡೆದುಹೋಗುತ್ತಿದ್ದರು. "ಅವ್ವ, ಸದ್ದು ಮಾಡಬ್ಯಾಡ, ಎತ್ತಿನ ಗಾಡಿ ಬರ್ತೈತೆ," ಎಂದಿದ್ದ. ಅಂದಿನಿಂದ ಆ ತೂತನ್ನು ಮುಚ್ಚಲು ಅವಳು ಯಾರಿಗೂ ಬಿಟ್ಟಿರಲಿಲ್ಲ.

ಅಷ್ಟರಲ್ಲಿ ಬಲಗಡೆಯ ಮನೆಯಿಂದ ಒಣಮೆಣಸಿನಕಾಯಿ ಒಗ್ಗರಣೆಯ ಘಾಟು ಬಂತು. ಎಡಗಡೆಯ ಮನೆಯ ಹಿತ್ತಿಲಲ್ಲಿ ಯಾರೋ ಕೆಮ್ಮಿದರು.

"ಲೇ ಟಗರೇ, ಕೆಮ್ಮಬ್ಯಾಡ ಕಣೋ," ಎಂದಿತು ಎಡಗಡೆಯ ದನಿ. "ಕೆಲವ್ರು ಒಗ್ಗರಣೆ ಹಾಕಿದ್ರೆ ಮೂರು ಮನೆಗೆ ಗೊತ್ತಾಗ್ಬೇಕು. ತಿನ್ನೋಕೆ ಮಾತ್ರ ಯಾರ್ಗೂ ಸಿಗಬಾರ್ದು."

ಬಲಗಡೆಯಿಂದ, ಅಲ್ಲಿ ಕಟ್ಟಿದ್ದ ಎಮ್ಮೆಗೆ ಹೇಳಿದ ಹಾಗೆ, ಉತ್ತರ ಬಂತು. "ಎಮ್ಮವ್ವ, ನೀನೇ ವಾಸಿ ಕಣೆ. ಕೆಲವ್ರ ಟಗರಿನಂಗೆ ಇನ್ನೊಬ್ರ ಮನೆ ಬಾಣಲೆ ಮೂಸ್ಕಂಡು ನಿಂತಿಲ್ಲ."

"ಟಗರೇ, ಮೂಸಿದ್ದೇ ತಪ್ಪಾತಂತೆ. ಬಾ, ಮೂಗು ಹೊಲಿಸ್ಕಂಡು ಬರಾಣ!"

ಶಿವಕುಮಾರಪ್ಪನ ಬೆರಳು ಮುದ್ದೆಯ ಮೇಲೆ ಹಾಗೇ ನಿಂತಿತು. ಅವನು ನಿಧಾನವಾಗಿ ತಲೆಯೆತ್ತಿದ.

"ಅವ್ವ," ಎಂದ. "ಇವ್ರೇ."

"ಏನು ಇವ್ರೇ? ಅವ್ರು ಮಾತು ಬಿಟ್ಟೋರು ಕಣಪ್ಪ," ಎಂದಳು ದ್ಯಾಮಮ್ಮ.

ಎಡಮನೆಯ ಗಿರಿಯಮ್ಮ ಕುರಿ ಸಾಕುವವರ ಮನೆಯವಳು. ಬಲಮನೆಯ ಕಮಲಮ್ಮನ ಗಂಡನಿಗೆ ಶೇಂಗಾ ವ್ಯಾಪಾರ. ಇಬ್ಬರೂ ಒಂದೇ ವರ್ಷ ತಾಳ್ಯಕ್ಕೆ ಸೊಸೆಯರಾಗಿ ಬಂದು, ಒಂದೇ ಕಲ್ಲಿನ ಮೇಲೆ ಬಟ್ಟೆ ಒಗೆದವರು. ಅವರು ಮಾತು ಬಿಟ್ಟು ಆರು ವರ್ಷವಾಗಿತ್ತು. ಆದದ್ದು ಇಷ್ಟೇ. ಮಗಳ ಸೀಮಂತಕ್ಕೆಂದು ಕಮಲಮ್ಮ ಒಣಹಾಕಿದ್ದ ಸಂಡಿಗೆಯನ್ನು ಗಿರಿಯಮ್ಮನ ಟಗರು ಪೂರ್ತಿ ತಿಂದುಹಾಕಿತು. "ನಿನ್ನ ಟಗರಿಗಿರೋ ರುಚಿ ನಿನ್ನ ಕೈಗಿದ್ದಿದ್ರೆ ಚೆನ್ನಾಗಿತ್ತು," ಎಂದಳು ಕಮಲಮ್ಮ. "ನಿನ್ನ ಸಂಡಿಗೆ ತಿಂದು ಟಗರು ಮೂರು ದಿನ ಮೇವು ಬಿಟ್ಟೈತೆ," ಎಂದಳು ಗಿರಿಯಮ್ಮ. ಮುಗಿಯಿತು. ಮಾತು ಬಿಟ್ಟವರಲ್ಲಿ ಮೊದಲು ಮಾತಾಡಿದವಳು ಸೋತ ಹಾಗೆ. ಇಬ್ಬರೂ ಸೋಲಲು ತಯಾರಿರಲಿಲ್ಲ. ಟಗರಿಗೂ ಎಮ್ಮೆಗೂ ಹೇಳಿಕೊಳ್ಳುವುದು ಲೆಕ್ಕಕ್ಕಿಲ್ಲ. ಮಿಕ್ಕದ್ದಕ್ಕೆಲ್ಲ ನಡುಮನೆಯ ದ್ಯಾಮಮ್ಮ ಇದ್ದಳು.

"ಮಾತೇ ಆಡದೋರು ಜಗಳ ಹೆಂಗೆ ಆಡ್ತಾರೋ?" ಎಂದಳು ದ್ಯಾಮಮ್ಮ.

"ನೀನು ಹೇಳಿದ್ರೆ ಆಡ್ತಾರೆ ಅವ್ವ." ಶಿವಕುಮಾರಪ್ಪ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು ಮುದ್ದೆ ಮುರಿದ. ಆ ಒಂದು ತುತ್ತನ್ನು ನೋಡಿದ ಮೇಲೆ ಆಗುವುದಿಲ್ಲ ಎನ್ನಲು ಅವಳಿಗೆ ಬಾಯಿ ಬರಲಿಲ್ಲ.

ಸೋಮವಾರ ಕಸ ಮುಸುರೆ ಮುಗಿಸಿ ಮೊದಲು ಕಮಲಮ್ಮನ ಮನೆಗೆ ಹೋದಳು. ಕಮಲಮ್ಮ ಶೇಂಗಾ ಸುಲಿಯುತ್ತ ಕುಳಿತಿದ್ದಳು. ದ್ಯಾಮಮ್ಮನೂ ಒಂದು ಹಿಡಿ ಕೈಗೆತ್ತಿಕೊಂಡು ಸುಲಿಯುತ್ತ, ಮಗನ ಸಂಗತಿಯನ್ನೆಲ್ಲ ಹೇಳಿದಳು.

"ನಿನ್ನೆ ರಾತ್ರಿ ಊಟ ಬಿಟ್ಟಿದ್ನಾ? ಅಯ್ಯೋ ಶಿವನೇ!" ಎಂದಳು ಕಮಲಮ್ಮ. "ಮಾಡ್ತೀನಿ ಬಿಡು ದ್ಯಾಮಕ್ಕ. ಎದುರಿಗೆ ಯಾರು?"

ದ್ಯಾಮಮ್ಮ ಇನ್ನೊಂದು ಕಾಯಿ ಸುಲಿದಳು. "ಗಿರಿ."

"ಆಗಾಕಿಲ್ಲ."

"ಆ ಡಬ್ಬಿಗೆ ಕಿವಿ ಇಲ್ಲ ಕಣೇ ಕಮ್ಲಿ. ದನಿ ಹೊರಡಿಸೋದೇ ಬ್ಯಾಡ. ತುಟಿ ಅಲ್ಲಾಡ್ಸಿದ್ರೆ ಸಾಕಂತೆ."

ಕಮಲಮ್ಮ ಮಡಿಲಿನ ಸಿಪ್ಪೆ ಕೊಡವಿದಳು. "ತುಟಿ ಅಲ್ಲಾಡ್ಸಿದ್ರೂ ಬಾಯಿ ತೆಗೆದಂಗೇ ಅಲ್ವಾ? ಅವಳು ಮೊದ್ಲು ತೆಗೀಲಿ, ಆಮೇಲೆ ನಾನು ತೆಗೀತೀನಿ."

"ಆತು. ಅವಳೇ ಮೊದ್ಲು," ಎಂದಳು ದ್ಯಾಮಮ್ಮ.

ಆಮೇಲೆ ಗಿರಿಯಮ್ಮನ ಮನೆ. ಗಿರಿಯಮ್ಮ ಜಗಲಿಯಲ್ಲಿ ಕುಳಿತು ಉಣ್ಣೆ ನೂಲುತ್ತಿದ್ದಳು. ಪಕ್ಕದಲ್ಲಿ ಟಗರು ಮೆಲುಕು ಹಾಕುತ್ತಿತ್ತು. ಶಿವು ಊಟ ಬಿಟ್ಟಿದ್ದ ಎಂದ ಕೂಡಲೇ ಅವಳ ಕೈಯ ಕದಿರು ನಿಂತಿತು. ಎದುರಿಗೆ ಯಾರು ಎಂದು ತಿಳಿದ ಮೇಲೆ ಮತ್ತೆ ಜೋರಾಗಿ ತಿರುಗಿತು.

"ಅವಳು ಮೊದ್ಲು ಬಾಯಿ ತೆಗೆದ್ರೆ ನನ್ನದೇನೂ ಅಡ್ಡಿ ಇಲ್ಲ," ಎಂದಳು ಕೊನೆಗೆ.

"ಆತು. ಅವಳೇ ಮೊದ್ಲು," ಎಂದುಬಿಟ್ಟಳು ದ್ಯಾಮಮ್ಮ.

ಮನೆಗೆ ಬಂದು ಸಾರಿಗೆ ಖಾರ ಅರೆಯುವಾಗ ತಾನೇನು ಮಾಡಿದೆನೆಂದು ಅವಳಿಗೆ ಹೊಳೆಯಿತು. ಆರು ವರ್ಷದಿಂದ ಆಚೆಯ ಮಾತನ್ನು ಈಚೆಗೆ, ಈಚೆಯದನ್ನು ಆಚೆಗೆ ಸಾಗಿಸುವಾಗಲೆಲ್ಲ ಇಬ್ಬರಿಗೂ "ಆತು" ಅನ್ನುವುದೇ ಅವಳಿಗೆ ಅಭ್ಯಾಸ. ಹಾಗೆ ಅಂದೇ ಮೂರು ಮನೆಯ ನೆಮ್ಮದಿ ಉಳಿದಿತ್ತು. ಈ ಸಲ ಮಾತ್ರ ಇಬ್ಬರೂ ಒಂದೇ ಕಡೆ ಎದುರುಬದುರು ನಿಲ್ಲುವವರಿದ್ದರು.

ಮಂಗಳವಾರ ಬೆಳಗ್ಗೆ ಬಿಸಿಲು ಹಿತ್ತಿಲ ಗೋಡೆಗೆ ಬೀಳುವ ಹೊತ್ತಿಗೆ ಅರ್ಧ ಊರು ಬೇಲಿಯಾಚೆ ಸೇರಿತ್ತು. ಗೋಡೆ ಸೊಂಟದೆತ್ತರದ್ದು; ಅದರ ಮೇಲೆ ಹೀರೆ ಬಳ್ಳಿ. ಆಚೆ ಕಮಲಮ್ಮ, ಈಚೆ ಗಿರಿಯಮ್ಮ. ಇಬ್ಬರೂ ದಿನನಿತ್ಯದ ಸೀರೆಯಲ್ಲೇ ಬಂದಿದ್ದರು, ದ್ಯಾಮಮ್ಮ ಹೇಳಿದ್ದರಿಂದ. ಅವಳು ಗಿರಿಯಮ್ಮನ ಪಕ್ಕ, ಕ್ಯಾಮೆರಾಕ್ಕೆ ಕಾಣದ ಹಾಗೆ, ಬಳ್ಳಿಯ ಮರೆಯಲ್ಲಿ ನಿಂತಳು.

ನಾಗಣ್ಣ ಕೀಲಿ ಕೊಟ್ಟು ಕಣ್ಣಿಟ್ಟ. "ಅಲ್ಲಾಡ..." ಎಂದವನು ನಾಲಿಗೆ ಕಚ್ಚಿಕೊಂಡ. ಕ್ಯಾಮೆರಾ ಗಿರ್ರೆಂದಿತು.

ಕಮಲಮ್ಮ ಗಿರಿಯಮ್ಮನನ್ನು ನೋಡಿದಳು. ಗಿರಿಯಮ್ಮ ಕಮಲಮ್ಮನನ್ನು ನೋಡಿದಳು. ಇಬ್ಬರ ತುಟಿಯೂ ಹೊಲಿದ ಹಾಗೆ ಮುಚ್ಚಿತ್ತು.

"ಶುರು ಮಾಡ್ರಿ, ಚಿಗವ್ವ," ಎಂದ ಶಿವಕುಮಾರಪ್ಪ, ಇಬ್ಬರಿಗೂ ಸೇರಿ.

ಕೀಲಿ ಮುಗಿಯಿತು. ನಾಗಣ್ಣ ಮತ್ತೆ ಕೊಟ್ಟ. ಇಬ್ಬರೂ ದ್ಯಾಮಮ್ಮನ ಕಡೆ ಓರೆಗಣ್ಣಿನಿಂದ ನೋಡಿದರು. ದ್ಯಾಮಮ್ಮ ಹೀರೆ ಹೂವಿನ ಕಡೆ ನೋಡಿದಳು. ಮತ್ತೊಮ್ಮೆ ಕೀಲಿ, ಮತ್ತೊಮ್ಮೆ ಮೌನ. ಬೇಲಿಯಾಚೆ ಯಾರೋ, "ಇದೇ ಪಿಕ್ಚರ್ ಅಂದ್ರೆ ನಮ್ಮನೆ ಎಮ್ಮೆನೂ ಮಾಡ್ತೈತೆ," ಎಂದು ನಗಿಸಿದರು. ಕಡೆಗೆ ರೀಲು ತೀರಿ ಕ್ಯಾಮೆರಾದೊಳಗೆ ಪಟಪಟ ಸದ್ದಾಯಿತು. ನಾಲ್ಕರಲ್ಲಿ ಒಂದು ಡಬ್ಬಿ ಹೋಯಿತು.

ಎರಡನೆಯ ರೀಲು ಎತ್ತಿಕೊಡುವಾಗ ಮಗ ಉಳಿದ ಡಬ್ಬಿಗಳನ್ನು ಎರಡೆರಡು ಸಲ ಎಣಿಸಿದ್ದನ್ನು ದ್ಯಾಮಮ್ಮ ನೋಡಿದಳು. ಇದೆಲ್ಲ ತನ್ನ ಎರಡು "ಆತು"ಗಳಿಂದ ಆದದ್ದು. ಈಗಲೇ ಹೋಗಿ, ಇಬ್ಬರಿಗೂ ಸುಳ್ಳು ಹೇಳಿದ್ದೆ ಕಣ್ರೇ ಎಂದು ಒಪ್ಪಿಕೊಂಡುಬಿಡಲೇ? ಒಪ್ಪಿಕೊಂಡರೆ ಇಬ್ಬರೂ ತನ್ನ ಜೊತೆಗೂ ಮಾತು ಬಿಡುತ್ತಾರೆ, ಆಮೇಲೆ ಮೂರು ಮನೆಗೂ ಎಮ್ಮೆ ಟಗರುಗಳೇ ಗತಿ. ಆದರೂ ಹೇಳಿಬಿಡೋಣ ಎಂದುಕೊಂಡು ಅವಳು ಒಂದು ಹೆಜ್ಜೆ ಮುಂದಿಟ್ಟಳು. ಅಷ್ಟರಲ್ಲಿ ಕ್ಯಾಮೆರಾ ಮತ್ತೆ ಗಿರ್ರೆಂದಿತು, ಅವಳು ಅಲ್ಲೇ ನಿಂತಳು.

ಆಗಲೇ ಟಗರು ಬಂತು. ಹಗ್ಗ ಹೇಗೆ ಬಿಚ್ಚಿಕೊಂಡಿತೋ, ಯಾವ ಸಂದಿಯಿಂದ ನುಸುಳಿತೋ, ಕಮಲಮ್ಮನ ಬೆನ್ನ ಹಿಂದೆ ಬಂದು ನಿಂತು ಅವಳ ಇಳಿಬಿದ್ದ ಸೆರಗಿನ ತುದಿಯನ್ನು ಬಾಯಿಗೆ ಹಾಕಿಕೊಂಡಿತು. ಹಿಂದೆ ಆಗುತ್ತಿದ್ದದ್ದು ಕಮಲಮ್ಮನಿಗೆ ಕಾಣುತ್ತಿರಲಿಲ್ಲ. ಗೋಡೆಯಾಚೆಗಿನ ಗಿರಿಯಮ್ಮನಿಗೆ ಕಾಣುತ್ತಿತ್ತು. ಬೇಲಿಯ ಜನ "ಟಗರು! ಟಗರು!" ಎಂದು ಒಟ್ಟಿಗೆ ಕೂಗಿಕೊಂಡರು. ಆ ಗದ್ದಲದಲ್ಲಿ ಗಿರಿಯಮ್ಮ ಅಂದ ಮೆಲುಮಾತು ಎದುರಿಗಿದ್ದ ಕಮಲಮ್ಮನಿಗೂ ಮಗ್ಗುಲಲ್ಲೇ ಇದ್ದ ದ್ಯಾಮಮ್ಮನಿಗೂ ಬಿಟ್ಟರೆ ಯಾರಿಗೂ ಕೇಳಿಸಲಿಲ್ಲ.

"ಕಮ್ಲಿ, ನಿನ್ ಸೆರಗು!"

ಕಮಲಮ್ಮ ತಿರುಗಿ ನೋಡಿ, ಸೆರಗನ್ನು ಕಿತ್ತುಕೊಂಡಳು. ಒಂದು ಗೇಣು ಆಗಲೇ ಟಗರಿನ ಹೊಟ್ಟೆ ಸೇರಿತ್ತು. ಅವಳು ಕೂಗಿದ್ದು ಮಾತ್ರ ಇಡೀ ಬೀದಿಗೆ ಕೇಳಿಸಿತು.

"ಅವತ್ತು ಸಂಡಿಗೆ, ಇವತ್ತು ಸೆರಗು! ನಾಳೆ ನನ್ನೇ ತಿನ್ನಿಸ್ಬಿಡೆ!"

"ತಿಂದ್ರೆ ತಾನೇ? ನಿನ್ನ ಉಪ್ಪಿಲ್ಲದ ಮೈಯ ಯಾವ ಟಗರು ತಿಂತೈತೆ?"

"ನಂಗೆ ಉಪ್ಪಿಲ್ವಾ?"

"ಮೊನ್ನೆ ಮಾಗೀಲಿ ನಂಗೆ ಜ್ವರ ಬಂದು ಮಲಗಿದ್ದಾಗ ದ್ಯಾಮಕ್ಕನ ಮನೆ ಗಂಜಿ ಅಂತ ಐದು ದಿನ ಗಂಜಿ ಬಂತಲ್ಲ. ಅದ್ಯಾರ ಮನೇದು ಅಂತ ನಂಗೆ ಗೊತ್ತಾಗಲಿಲ್ಲ ಅಂದ್ಕಂಡಿಯಾ? ಒಂದು ಹರಳು ಉಪ್ಪಿರ್ಲಿಲ್ಲ ಅದ್ರಾಗೆ! ಇಂಥ ಗಂಜಿ ಕಾಯ್ಸೋಳು ತಾಳ್ಯಕ್ಕೆಲ್ಲ ಒಬ್ಬಳೇ!"

"ಕುಡಿದು ಎದ್ದು ಕುಂತ್ಯಲ್ಲ! ಅದು ಹೇಳು!" ಕಮಲಮ್ಮ ಗೋಡೆ ಬಡಿದಳು. "ನನ್ನ ಮೊಮ್ಮಗನಿಗೆ ಪುಟ್ಟ ಕಂಬಳಿ ಬಂತಲ್ಲ, ದ್ಯಾಮಕ್ಕ ಕೊಟ್ಲು ಅಂತ? ದ್ಯಾಮಕ್ಕ ಯಾವತ್ತು ಕುರಿ ಸಾಕಿದ್ಲು? ಚುಚ್ತೈತೆ ಅಂತ ಕೂಸು ರಾತ್ರಿಯೆಲ್ಲ ಅತ್ತೈತೆ!"

"ಮೊದಲ್ನೇ ಸಲ ಕತ್ತರಿಸಿದ ಮರಿ ಉಣ್ಣೆ ಕಣೇ ಅದು! ಬೆಣ್ಣೆ ಇದ್ದಂಗೈತೆ! ಚುಚ್ಚಿದ್ರೆ ವಾಪಸ್ ಕೊಡು!"

"ಕೊಡಾಕಿಲ್ಲ ಹೋಗೆ!"

"ತಡ್ಕಳ್ರಿ ಅಮ್ಮಾರೆ, ಕೀಲಿ ಕೊಡ್ತೀನಿ!" ಎಂದು ನಾಗಣ್ಣ ಗೋಗರೆದ. ಯಾರು ತಡೆದುಕೊಳ್ಳುತ್ತಾರೆ? ಆರು ವರ್ಷದ್ದೆಲ್ಲ ಒಟ್ಟಿಗೆ ಬರುತ್ತಿತ್ತು, ಅವನ ಯಂತ್ರಕ್ಕೆ ಅರ್ಧ ನಿಮಿಷದ ಉಸಿರು. ಕೀಲಿ ತಿರುಗಿಸಿ ತಿರುಗಿಸಿ ಅವನ ಹೆಬ್ಬೆರಳು ಕೆಂಪಾಯಿತು. ಎರಡನೆಯ ಡಬ್ಬಿ ಮುಗಿದು ಮೂರನೆಯದೂ ಮುಗಿಯುತ್ತ ಬಂದಾಗ, ಶಿವಕುಮಾರಪ್ಪ ತಾನು ಬರೆದ ಹಾಳೆಗಳನ್ನು ಮಡಿಸಿ ಜೇಬಿಗಿಟ್ಟುಕೊಂಡ.

ನಾಲ್ಕನೆಯ ರೀಲಿಗೆ, ಇಬ್ಬರೂ ಅಪ್ಪಿಕೊಂಡು ಅಳಬೇಕೆಂದು ಕೇಳಿಕೊಂಡ.

"ಅಪ್ಪಿಕಳ್ಳೋದೆಲ್ಲ ನಮಗೆ ಬರಲ್ಲಪ್ಪ," ಎಂದಳು ಗಿರಿಯಮ್ಮ. "ಇವಳನ್ನ ಅಪ್ಪಿಕಂಡ್ರೆ ಎರಡು ದಿನ ಒಗ್ಗರಣೆ ವಾಸ್ನೆ ಹೋಗಲ್ಲ."

"ನಿನ್ನ ಮೈ ಗಂಧದ ಕೊರಡು ನೋಡು!" ಎಂದು ಕಮಲಮ್ಮ ಕೈಗೆ ಸಿಕ್ಕಿದ ಎರಡು ಹೀರೆಕಾಯಿ ಕಿತ್ತು ಗೋಡೆಯಾಚೆಗೆ ಎಸೆದಳು. ಗಿರಿಯಮ್ಮ ಅವನ್ನು ಮಡಿಲಲ್ಲಿ ಹಿಡಿದುಕೊಂಡು, "ಬಲಿತೋಗ್ಯಾವೆ," ಎಂದು ಗೊಣಗುತ್ತ ಮಡಿಲು ಕಟ್ಟಿಕೊಂಡಳು. ಶಿವಕುಮಾರಪ್ಪ ಮತ್ತೇನೂ ಕೇಳಲಿಲ್ಲ. ಬುಧವಾರದ ಬಸ್ಸಿಗೆ ಕ್ಯಾಮೆರಾ ಹೋಯಿತು.

ಊರಿಗೆ ಒಂದೇ ಪ್ರಶ್ನೆ ಉಳಿಯಿತು. ಮೊದಲು ಬಾಯಿ ತೆರೆದವಳು ಯಾರು?

ಎಲ್ಲರ ಕಿವಿಗೂ ಬಿದ್ದದ್ದು ಕಮಲಮ್ಮನ ಸಂಡಿಗೆ ಮಾತು. ಹಾಗಾಗಿ ಸೋತವಳು ಕಮಲಮ್ಮ ಎಂದು ಕಟ್ಟೆಯ ಮೇಲಿನ ಗಂಡಸರೂ ನೀರಿನ ಹತ್ತಿರದ ಹೆಂಗಸರೂ ತೀರ್ಮಾನ ಕೊಟ್ಟರು. "ಅವಳೇ ಮೊದ್ಲು ನನ್ನ ಹೆಸರು ಹಿಡಿದು ಕರೆದ್ಲು, ನನ್ನ ಕಿವೀಲಿ ಕೇಳಿದೀನಿ," ಎಂದು ಕಮಲಮ್ಮ ಆಣೆ ಇಟ್ಟಳು. "ನಾನು ಟಗರಿಗೆ ಬೈದೆ," ಎಂದಳು ಗಿರಿಯಮ್ಮ. ದಿನಾ ಬೆಳಗ್ಗೆ ಎದ್ದು ಇಬ್ಬರೂ ದ್ಯಾಮಮ್ಮನ ಹಿತ್ತಿಲ ಗೋಡೆಗೆ ಬಂದು ಇದನ್ನೇ ವಾದಿಸುತ್ತಿದ್ದರು. ವಾದಿಸುತ್ತ ಸೊಪ್ಪು ಬಿಡಿಸುತ್ತಿದ್ದರು, ಅಕ್ಕಿ ಆರಿಸುತ್ತಿದ್ದರು, ಒಬ್ಬರ ತಲೆ ಇನ್ನೊಬ್ಬರು ನೋಡುತ್ತಿದ್ದರು. ಕೊನೆಯ ಮಾತು ಮಾತ್ರ ಯಾವಾಗಲೂ ಒಂದೇ: "ರೀಲು ಬರ್ಲಿ, ಗೊತ್ತಾಗ್ತೈತೆ."

"ನೀನು ಪಕ್ಕದಾಗೇ ಇದ್ಯಲ್ಲ ದ್ಯಾಮಕ್ಕ, ನೀನೇ ಹೇಳು," ಎಂದರೆ, ದ್ಯಾಮಮ್ಮ, "ಆ ಗದ್ದಲದಾಗೆ ಏನು ಕೇಳ್ತೈತೆ ತಾಯಿ?" ಎಂದು ಒಳಗೆ ಹೋಗಿಬಿಡುತ್ತಿದ್ದಳು.

ಮದ್ರಾಸಿನಲ್ಲಿ ತೊಳೆಸಿಕೊಂಡು ರೀಲು ಬಂದದ್ದು ಯುಗಾದಿ ಕಳೆದು ಎಷ್ಟೋ ದಿನಕ್ಕೆ. ಶಿವಕುಮಾರಪ್ಪ ದುರ್ಗದಲ್ಲಿ ಅದನ್ನು ಕತ್ತರಿಸಿ ಅಂಟಿಸಿ, ಒಂದು ಶನಿವಾರ ಮನೆಗೆ ಬಂದವನು ಅವ್ವನ ಪಕ್ಕ ಒಲೆಯ ಮುಂದೆ ಕುಳಿತ. ಮುಖ ಬೆಳಗುತ್ತಿತ್ತು.

"ಎಲ್ಲ ಬಂದೈತೆ ಅವ್ವ. ಟಗರು ಸೆರಗು ತಿನ್ನೋವಾಗ ಗಿರಿಯಮ್ಮ ಏನೋ ಅಂತಾರೆ, ಅದೂ ಬಂದೈತೆ. ಆ ಮುಖ ನೋಡ್ಬೇಕು ನೀನು. ಇಡೀ ಪಿಕ್ಚರಿನಾಗೆ ಅದಕ್ಕಿಂತ ಚೆಂದದ್ದು ಇಲ್ಲ. ಎಂಥ ದೊಡ್ಡ ನಟಿಗೂ ಅದು ಬರಲ್ಲ."

ದ್ಯಾಮಮ್ಮನ ಕೈಯ ಊದುಗೊಳವೆ ನಿಂತಿತು. "ಬಾಯಿ ಅಲ್ಲಾಡೋದು ಕಾಣ್ತೈತಾ?"

"ಸ್ಪಷ್ಟ ಕಾಣ್ತೈತೆ. ಕಮಲಮ್ಮನ ಬಾಯಿ ಮುಚ್ಚೇ ಐತೆ."

ಅವಳು ಒಲೆಗೆ ಒಂದು ಸೌದೆ ಇಟ್ಟಳು. ರೀಲು ಊರಿನ ಮುಂದೆ ಓಡಿದರೆ ಗಿರಿಯಮ್ಮ ಸೋತಳೆಂದು ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಎರಡು ತಿಂಗಳು ಅಲ್ಲ ಅಲ್ಲ ಎಂದವಳು ಆಮೇಲೆ ಯಾವ ಮುಖ ಹೊತ್ತು ಗೋಡೆಯ ಹತ್ತಿರ ಬಂದಾಳು? ವಾದ ಮುಗಿದರೆ ಮಾತೂ ಮುಗಿಯುತ್ತದೆ. ಮತ್ತೆ ಟಗರು, ಮತ್ತೆ ಎಮ್ಮೆ.

ಮಗ ಅವಳ ಮುಖ ನೋಡಿ ಅರ್ಥ ಮಾಡಿಕೊಂಡ. ಅವನ ಮುಖ ಸ್ವಲ್ಪ ಕಂದಿತು. "ತೆಗೀಬೇಕಾ ಅವ್ವ? ನೀನು ತೆಗಿ ಅಂದ್ರೆ ತೆಗೀತೀನಿ. ಒಂದು ಗೇಣು ರೀಲು ಅಷ್ಟೆ."

ಅನ್ನ ಕುದಿಯಿತು, ಗಂಜಿ ಬಸಿದದ್ದಾಯಿತು, ಸಾರಿಗೆ ಒಗ್ಗರಣೆ ಬಿತ್ತು. ದ್ಯಾಮಮ್ಮ ತಟ್ಟೆ ಇಟ್ಟು ಬಡಿಸಿದಳು. ತನಗೆ ಅಭ್ಯಾಸವಾದ "ಆತು" ಎಂಬ ಮಾತು ನಾಲಿಗೆಯ ತುದಿಗೆ ಎರಡು ಸಲ ಬಂತು. ಎರಡು ಸಲವೂ ನುಂಗಿಕೊಂಡಳು.

"ಬ್ಯಾಡ," ಎಂದಳು ಕೊನೆಗೆ. "ಆ ಮಾತು ನಾನೂ ಕೇಳಿದೀನಿ ಕಣಪ್ಪ. ಕತ್ತರಿಸಿ ಬಿಸಾಕೋ ಮಾತಲ್ಲ ಅದು. ಇರ್ಲಿ ಬಿಡು. ಉಣ್ಣು."

ಮರುದಿನ ಮಧ್ಯಾಹ್ನ, ಬೇಸಿಗೆ ರಜೆಯಲ್ಲಿ ಖಾಲಿ ಬಿದ್ದಿದ್ದ ಶಾಲೆಯ ದೊಡ್ಡ ಕೋಣೆಗೆ ಇಡೀ ಬೀದಿ ನುಗ್ಗಿತು. ಪ್ರೊಜೆಕ್ಟರನ್ನು ನಾಗಣ್ಣ ದುರ್ಗದಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದ. ಬೆಳಕು ಬಾರದ ಹಾಗೆ ಆರು ಕಿಟಕಿಗೂ ಗಿರಿಯಮ್ಮನ ಮನೆಯ ಕರಿಕಂಬಳಿ ಬಿಗಿದಿದ್ದರು. ಒಳಗೆಲ್ಲ ಕುರಿಯ ವಾಸನೆ, ಬೆವರು, ಕಡಲೆಕಾಯಿ ಸಿಪ್ಪೆ. ಮುಂದಿನ ಸಾಲಿನ ನೆಲದ ಮೇಲೆ ಕಮಲಮ್ಮ, ಗಿರಿಯಮ್ಮ, ನಡುವೆ ದ್ಯಾಮಮ್ಮ. ಅಂಗಡಿ ಮುಚ್ಚಿ ಬಂದಿದ್ದ ಮುರುಗಪ್ಪ ಬಾಗಿಲ ಬಳಿ ನಿಂತಿದ್ದ.

ಎದುರು ಗೋಡೆಗೆ ಕಟ್ಟಿದ್ದ ಬಿಳಿ ಪಂಚೆಯ ಮೇಲೆ ಹೀರೆ ಬಳ್ಳಿ ಅಲುಗಾಡಿತು. "ಅಯ್ಯೋ, ನಮ್ಮ ಹಿತ್ಲು!" ಎಂದಳು ದ್ಯಾಮಮ್ಮ. ಸದ್ದಿಲ್ಲದ ಚಿತ್ರ, ಆದರೆ ನೋಡುವವರ ಸದ್ದಿಗೆ ಕೊರತೆಯಿರಲಿಲ್ಲ. ಗೋಡೆಯ ಎರಡೂ ಕಡೆ ಇಬ್ಬರು ಹೆಂಗಸರು ಬಾಯಿ ಮುಚ್ಚಿ ನಿಂತರು. ಹಾಳಾಯಿತೆಂದುಕೊಂಡಿದ್ದ ಮೊದಲ ರೀಲಿನಿಂದಲೂ ಶಿವಕುಮಾರಪ್ಪ ಒಂದು ತುಂಡು ಹಾಕಿದ್ದ. ಜನ ಬಿದ್ದು ಬಿದ್ದು ನಕ್ಕರು. ಆಮೇಲೆ ಬೆನ್ನ ಹಿಂದೆ ಟಗರಿನ ಕೊಂಬು ಕಾಣಿಸಿತು. ಹಿಂದಿನವರು ಮೊಣಕಾಲೂರಿ ಕತ್ತು ಚಾಚಿದರು. ದ್ಯಾಮಮ್ಮ ತನ್ನ ಸೆರಗಿನ ತುದಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಪಂಚೆಯ ಮೇಲೆ ಗಿರಿಯಮ್ಮನ ಮುಖ. ಹುಬ್ಬು ಮೇಲೆ ಹೋಯಿತು, ಬಿಗಿದಿದ್ದ ಗಲ್ಲ ಸಡಿಲವಾಯಿತು, ಕೈ ಗೋಡೆಯ ಮೇಲಿಂದ ಮುಂದಕ್ಕೆ ಚಾಚಿತು. ಬೆಂಕಿಯ ಹತ್ತಿರ ಹೋದ ಮಗುವನ್ನು ಕರೆಯುವಾಗ ಆಗುವಂಥ ಮುಖ. ತುಟಿ ಅಲುಗಿತು. ಎದುರಿಗೆ ಕಮಲಮ್ಮ ಬಾಯಿ ಮುಚ್ಚಿಕೊಂಡೇ ಇದ್ದಳು.

"ಗಿರಿಯಮ್ಮ! ಗಿರಿಯಮ್ಮನೇ ಮೊದ್ಲು!" ಎಂದು ಹಿಂದಿನಿಂದ ಕೂಗೆದ್ದಿತು. ಚಪ್ಪಾಳೆ, ಶಿಳ್ಳೆ. ಎಡಗಡೆ ಕುಳಿತಿದ್ದ ಗಿರಿಯಮ್ಮ ತಲೆ ತಗ್ಗಿಸಿದ್ದು ದ್ಯಾಮಮ್ಮನಿಗೆ ಕತ್ತಲಲ್ಲೂ ತಿಳಿಯಿತು.

ಬಲಗಡೆಯಿಂದ ಕಮಲಮ್ಮ ಎದ್ದು ನಿಂತಳು. ಅವಳ ತಲೆಯ ನೆರಳು ಪಂಚೆಯ ಮೇಲೆ ಬಿತ್ತು.

"ಸುಮ್ಕಿರ್ರೋ! ಏನು ಗಿರಿಯಮ್ಮ? ನಾನೇ ಕಣ್ರೋ ಮೊದ್ಲು ಮಾತಾಡಿದ್ದು! ಈ ಡಬ್ಬಿಗೆ ಕೀಲಿ ಕೊಡೋಕೆ ಮುಂಚೇನೇ, ಏನೇ ಗಿರಿ ಚೆನ್ನಾಗಿದ್ದೀಯಾ ಅಂದಿದ್ದೆ. ನಿಮಗೆ ಕೇಳಿಲ್ಲ, ಅಷ್ಟೆ."

ಹಾಗೆ ಅಂದಿರಲಿಲ್ಲವೆಂದು ದ್ಯಾಮಮ್ಮನಿಗೆ ಗೊತ್ತಿತ್ತು. ಎರಡು ತಿಂಗಳು ಕಾದು ಕೈಗೆ ಬಂದ ಗೆಲುವನ್ನು ಕಮಲಮ್ಮ ಹಾಗೇ ಚೆಲ್ಲಿಬಿಟ್ಟಿದ್ದಳು.

ಗಿರಿಯಮ್ಮ ತಲೆ ಎತ್ತಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಅವಳೂ ಎದ್ದಳು.

"ಸುಳ್ಳು ಬೊಗಳಬ್ಯಾಡ ಕಮ್ಲಿ. ನೀನು ಯಾವಾಗ ಕೇಳ್ದೆ? ನಾನೇ ಮೊದ್ಲು. ಚಿತ್ರದಾಗೇ ಐತಲ್ಲ, ಕಣ್ಣು ಕಾಣಲ್ವಾ?"

"ನಾನೇ ಅಂದ್ರೆ ನಾನೇ!"

"ನಿನ್ನ ಸೆರಗು ಉಳಿಸಿದ್ದು ನಾನು, ಮೊದ್ಲು ಮಾತಾಡಿದ್ದು ನೀನಾ? ಯಾರಿಗೆ ಹೇಳ್ತೀಯೇ?"

"ಎಲ್ಲಿ ಉಳಿಸ್ದೆ? ಒಂದು ಗೇಣು ಹೋತಲ್ಲ!"

"ಕುಂತ್ಕಳ್ರಮ್ಮೋ, ಪಿಕ್ಚರ್ ಕಾಣಲ್ಲ!" ಎಂದು ಹಿಂದಿನವರು ಕೂಗಿದರು. ಪಂಚೆಯ ಮೇಲೆ ಇಬ್ಬರೂ ಸದ್ದಿಲ್ಲದೆ ಬಾಯಿ ಆಡಿಸುತ್ತಿದ್ದರು, ಪಂಚೆಯ ಮುಂದೆ ಸದ್ದು ಮಾಡಿಕೊಂಡು. ದ್ಯಾಮಮ್ಮನಿಗೆ ನಗು ತಡೆಯಲಾಗಲಿಲ್ಲ. ತಿರುಗಿ ನೋಡಿದರೆ, ಪ್ರೊಜೆಕ್ಟರಿನ ಬೆಳಕಿನ ಪಕ್ಕದಲ್ಲಿ ಅವಳ ಮಗ ಕಣ್ಣು ಒರೆಸಿಕೊಂಡು ನಗುತ್ತಿದ್ದ.

"ಇನ್ನೊಂದ್ಸಲ ಹಾಕೋ ನಾಗಣ್ಣ," ಎಂದ ಮುರುಗಪ್ಪ ಬಾಗಿಲಿನಿಂದ. "ಗಲಾಟೇಲಿ ನನಗೆ ಏನೂ ಕಾಣಲಿಲ್ಲ." ಮೂರು ಸಲ ಹಾಕಿದರು.

ಕಂಬಳಿಗಳನ್ನು ಬಿಚ್ಚಿ ಬೆಳಕು ಬಂದ ಮೇಲೆ, ನಾಗಣ್ಣ ತನ್ನ ಸ್ಟುಡಿಯೋ ಕ್ಯಾಮೆರಾ ತೆಗೆದು ಇಬ್ಬರು ನಟಿಯರನ್ನೂ ಶಾಲೆಯ ಮೆಟ್ಟಿಲ ಮೇಲೆ ಕೂರಿಸಿದ. ಈ ಸಲ ಯಾರೂ ಅವನನ್ನು ತಡೆಯಲಿಲ್ಲ. ಎದೆ ತುಂಬ ಉಸಿರು ತುಂಬಿಕೊಂಡು ಹೇಳಿದ.

"ಅಲ್ಲಾಡಬ್ಯಾಡ್ರಿ! ಉಸಿರು ಬಿಗಿ ಹಿಡೀರಿ!"

ಆ ಫೋಟೊ ದ್ಯಾಮಮ್ಮನ ಪಡಸಾಲೆಯಲ್ಲಿ ಈಗಲೂ ಇದೆ. ಇಬ್ಬರ ಮುಖಗಳೂ ಒಂದರ ಕಡೆಗೊಂದು ತಿರುಗಿವೆ, ಕೈಗಳು ಗಾಳಿಯಲ್ಲಿವೆ, ಯಾರ ಬಾಯಿ ಎಲ್ಲಿದೆಯೆಂದು ಗೊತ್ತಾಗದಷ್ಟು ಚಿತ್ರ ಮಸುಕಾಗಿದೆ.